ಬೆರಳು ಕೇಳಿದ್ದು, ಚಕ್ರ ಕೊಟ್ಟಿದ್ದು

ಅಫ್ಜಲ್‌ಗಂಜ್ ದಾಟಿ ಬೇಗಂ ಬಜಾರ್‌ನ ಓಣಿಗೆ ಕಾರು ಹೊರಳಿಸಿದ ಮೇಲೆ ಸ್ಪೀಡೋಮೀಟರ್‌ನ ಮುಳ್ಳು ಹದಿನೈದರ ಗೆರೆ ದಾಟುವುದೇ ಅಪರೂಪ. ಒಂದು ಕಡೆ ಆಳೆತ್ತರ ಪೇರಿಸಿದ ಸ್ಟೀಲ್ ಕೊಡ, ಹಿತ್ತಾಳೆ ಹಂಡೆ. ಇನ್ನೊಂದು ಕಡೆ ಗೋಡಂಬಿ, ಒಣದ್ರಾಕ್ಷಿ, ಮೆಣಸಿನಕಾಯಿ ಚೀಲ. ನಡುವೆ ಉಳಿದ ಜಾಗದಲ್ಲಿ ಹಮಾಲರು, ಆಟೊಗಳು, ಸ್ಕೂಟರ್‌ಗಳು, ತಳ್ಳುಗಾಡಿಗಳು. ಎರಡನೆಯ ಅಸಫ್ ಜಾಹ್ ನಿಜಾಮ್ ಅಲಿ ಖಾನರ ಪತ್ನಿ ಹುಮ್ದಾ ಬೇಗಂ ವರ್ತಕರಿಗೆ ಬಿಟ್ಟುಕೊಟ್ಟ ಜಾಗವಿದು. ಹೆಸರೂ ಹಾಗೆಯೇ ಬಂತು. 1956ರವರೆಗೆ ಹೈದರಾಬಾದ್ ರಾಜ್ಯದಲ್ಲೇ ಇದ್ದ ಬೀದರ್, ಕಲಬುರಗಿ, ರಾಯಚೂರಿನ ಎಷ್ಟೋ ಮನೆಗಳಿಗೆ ಇಂದಿಗೂ ಮದುವೆಯ ಪಾತ್ರೆ ಎಂದರೆ ಬೇಗಂ ಬಜಾರ್. ನಮ್ಮ ಮನೆಗೂ ಅಷ್ಟೇ.

ತಂಗಿಯ ಮದುವೆಯ ಪಾತ್ರೆಗೆಂದು ಬೀದರಿನಿಂದ ಹೊರಟಾಗ ಸೋದರಮಾವ ಪಕ್ಕದ ಸೀಟಿನಲ್ಲಿದ್ದರು. ಹುಮನಾಬಾದ್–ಹೈದರಾಬಾದ್ ದಾರಿಯಲ್ಲಿ ಇಪ್ಪತ್ತೈದು ವರ್ಷ ಲಾರಿ ಓಡಿಸಿದವರು. ಓಣಿಯಲ್ಲಿ ಮುಂದಿನ ತಳ್ಳುಗಾಡಿ ನಾಲ್ಕು ಮಾರು ಸರಿಯಿತು. ನಾನು ಬ್ರೇಕಿನಿಂದ ಕಾಲು ತೆಗೆದು ಎಕ್ಸಲರೇಟರ್ ಮುಟ್ಟಿದೆ. ಕಾರು ಅರೆಗಳಿಗೆ ಸುಮ್ಮನಿದ್ದು ಜಗ್ಗಿಕೊಂಡು ಹೊರಟಿತು, ಎರಡನೇ ಗೇರ್‌ಗೆ ಏರುವಾಗ ತಲೆ ಬಾಗಿಸಿತು, ಬ್ರೇಕ್ ಹಾಕುತ್ತಲೇ ಮತ್ತೆ ಒಂದಕ್ಕೆ ಇಳಿದು ಇನ್ನೊಮ್ಮೆ ಮುಗ್ಗರಿಸಿತು. ತಳ್ಳುಗಾಡಿಯವನು ಹಿಂದಿರುಗಿ ನೋಡಿ “ಹಲ್ಲೂ ಭಾಯಿ, ಹಲ್ಲೂ” ಎಂದ. ದಖನಿಯಲ್ಲಿ ಹಲ್ಲೂ ಎಂದರೆ ಮೆಲ್ಲಗೆ. ಮಾವ ಡ್ಯಾಶ್‌ಬೋರ್ಡಿಗೆ ಕೈ ಊರಿ ಕೂತಿದ್ದರು.

“ಇದ್ಯಾಕ್ ಅಳಿಯಾ, ಹಿಂಗ್ ಜೋಲಿ ಹೊಡೀತದ?”

“ಆಟೊಮ್ಯಾಟಿಕ್ ಅದ ಮಾಮಾ. ಗೇರ್ ತಾನೇ ಹಾಕ್ಕೋತದ.”

“ಗೇರ್ ಹಾಕಿದ್ದು ಹಿಂದ್ ಮಲ್ಕೊಂಡಂವಗ ಗೊತ್ತಾಗ್ಬಾರ್ದು. ಅದಕ್ಕ ಡ್ರೈವರ್‌ಗಿರಿ ಅಂತಾರ.”

ಆ ಕಾರಿನ ಸ್ಟಿಯರಿಂಗ್ ಚಕ್ರದ ಹಿಂದೆ, ಬೆರಳಿಗೆ ಎಟಕುವಂತೆ, ಎರಡು ಕಿವಿಗಳ ಹಾಗೆ ಎರಡು ಪ್ಯಾಡಲ್‌ಗಳಿವೆ. ಕಾಲಿನ ಪೆಡಲ್ ಬೇರೆ, ಇದು ಬೇರೆ. ಬಲಗಡೆಯದನ್ನು ಎಳೆದರೆ ಗೇರ್ ಏರುತ್ತದೆ, ಎಡಗಡೆಯದನ್ನು ಎಳೆದರೆ ಇಳಿಯುತ್ತದೆ. ಕಾರು ಕೊಳ್ಳುವಾಗ ಶೋರೂಮಿನವರು ಅದನ್ನು ತೋರಿಸಿ, “ರೇಸ್ ಕಾರಿನಲ್ಲಿ ಇರುವುದೇ ಇದು ಸರ್” ಎಂದಿದ್ದರು. ಆ ಮಾತು ಸುಳ್ಳಲ್ಲ. ರೇಸ್ ಕಾರಿನದೇ ಪ್ಯಾಡಲ್ ಇರುವ ಬಂಡಿ ಪಾತ್ರೆ ಅಂಗಡಿಯ ಮುಂದೆ ಹೀಗೆ ಮುಗ್ಗರಿಸುವುದೇಕೆ? ಇದಕ್ಕೆ ಉತ್ತರ ಹುಡುಕುತ್ತ ಹೋದರೆ ಗೇರ್‌ಬಾಕ್ಸಿನ ವೇಗ, ಗೇರ್‌ಬಾಕ್ಸಿನ ಸ್ಪಂದನೆ ಎರಡೂ ಬೇರೆ ಬೇರೆ ಎಂಬುದು ತಿಳಿಯುತ್ತದೆ. ಕಾರು ಕೊಳ್ಳುವ ಪ್ರತಿಯೊಬ್ಬರಿಗೂ ಇದು ಗೊತ್ತಿರಬೇಕು.

ರಿಯೊದಿಂದ ಸೆಲೆರಿಯೊವರೆಗೆ

1989ರ ಮಾರ್ಚ್ 26. ಬ್ರೆಜಿಲ್‌ನ ರಿಯೊ ಡಿ ಜನೈರೊದಲ್ಲಿ ಆ ವರ್ಷದ ಮೊದಲ ಫಾರ್ಮುಲಾ ಒನ್ ರೇಸ್. ಫೆರಾರಿ ತಂಡ ಇಳಿಸಿದ 640 ಎಂಬ ಕಾರಿನಲ್ಲಿ ಗೇರ್ ಹಿಡಿಕೆಯೇ ಇರಲಿಲ್ಲ. ವಿನ್ಯಾಸಕಾರ ಜಾನ್ ಬರ್ನಾರ್ಡ್ ಅವರಿಗೆ ಚಾಲಕ ಕೂರುವ ಜಾಗವನ್ನು ಇನ್ನಷ್ಟು ಕಿರಿದು ಮಾಡಬೇಕಿತ್ತು. ಹಿಡಿಕೆಯೂ ಅದನ್ನು ಹಿಡಿಯುವ ಕೈಯೂ ಅದಕ್ಕೆ ಅಡ್ಡ. ಗೇರ್ ಬದಲಿಸುವ ಕೆಲಸವನ್ನು ಸ್ಟಿಯರಿಂಗ್ ಹಿಂದಿನ ಎರಡು ಪಟ್ಟಿಗಳಿಗೆ ಕೊಟ್ಟು, ಕ್ಲಚ್ ಮತ್ತು ಗೇರ್ ಸರಿಸುವ ಹೊಣೆಯನ್ನು ವಿದ್ಯುತ್ತು–ಹೈಡ್ರಾಲಿಕ್ ಒತ್ತಡಕ್ಕೆ ವಹಿಸಿದರು. ಅಭ್ಯಾಸದಲ್ಲಿ ಪದೇಪದೇ ಕೆಟ್ಟು ನಿಲ್ಲುತ್ತಿದ್ದ ಆ ಕಾರು ರೇಸ್ ಮುಗಿಸುತ್ತದೆಂಬ ನಂಬಿಕೆ ತಂಡದಲ್ಲೇ ಇರಲಿಲ್ಲ. ನೈಜೆಲ್ ಮ್ಯಾನ್ಸೆಲ್ ನಡುವೆ ಪಿಟ್‌ಗೆ ಬಂದು ಸ್ಟಿಯರಿಂಗ್ ಚಕ್ರವನ್ನೇ ಬದಲಿಸಿಕೊಂಡು ಹೋಗಿ ಗೆದ್ದರು. ಆ ವರ್ಷದ ಮುಂದಿನ ಹಲವು ರೇಸ್‌ಗಳಲ್ಲಿ ಅದೇ ಕಾರು ಕೈಕೊಟ್ಟಿತು. ಆದರೂ ಕೆಲವೇ ವರ್ಷಗಳಲ್ಲಿ ಉಳಿದ ತಂಡಗಳೂ ಅದೇ ದಾರಿ ಹಿಡಿದವು. ಕೈ ಸ್ಟಿಯರಿಂಗ್ ಬಿಡದೆ, ತಪ್ಪು ಗೇರ್ ಬೀಳದೆ, ತಿರುವಿನ ನಡುವೆಯೂ ಗೇರ್ ಬದಲಿಸಬಹುದು ಎಂಬುದು ಎಲ್ಲರಿಗೂ ಕಂಡಿತ್ತು.

1997ರಲ್ಲಿ ಫೆರಾರಿ ತನ್ನ ಎಫ್355 ಕಾರಿನಲ್ಲಿ ಇದನ್ನು ರಸ್ತೆಗೆ ತಂದಿತು. ಮಾಮೂಲಿ ಮ್ಯಾನುವಲ್ ಗೇರ್‌ಬಾಕ್ಸ್, ಒಂದೇ ಕ್ಲಚ್. ಕಾಲು–ಕೈ ಮಾಡುವ ಕೆಲಸವನ್ನು ಮಾಡಲು ಹೈಡ್ರಾಲಿಕ್ ತೋಳು. ಫೆರಾರಿಗೆ ಈ ವ್ಯವಸ್ಥೆ ಕಟ್ಟಲು ನೆರವಾದ ಇಟಲಿಯ ಕಂಪನಿ ಮ್ಯಾಗ್ನೆಟಿ ಮರೆಲ್ಲಿ. ಅದೇ ಕಂಪನಿಯ ಹೈಡ್ರಾಲಿಕ್ ತೋಳನ್ನು ಹೊತ್ತು 2014ರ ಫೆಬ್ರುವರಿಯ ಆಟೊ ಎಕ್ಸ್‌ಪೊದಲ್ಲಿ ಮಾರುತಿ ಸೆಲೆರಿಯೊ ಬಂತು. ನಾವು ಎಎಂಟಿ ಎನ್ನುವ ಗೇರ್‌ಬಾಕ್ಸ್ ಭಾರತದ ಮಧ್ಯಮ ವರ್ಗದ ಮನೆಯಂಗಳಕ್ಕೆ ಬಂದದ್ದು ಹೀಗೆ. ರಿಯೊದ ಗೆಲುವಿಗೂ ಸೆಲೆರಿಯೊಗೂ ನಡುವೆ ಇಪ್ಪತ್ತೈದು ವರ್ಷ. ಮೂಲತತ್ವ ಒಂದೇ. ಬೆಲೆ, ವೇಗ, ನಯ ಮಾತ್ರ ಬೇರೆ ಬೇರೆ.

ಪ್ಯಾಡಲ್ ಒಂದು ಕರೆಗಂಟೆ

ಪ್ಯಾಡಲ್ ಗೇರ್ ಹಾಕುವುದಿಲ್ಲ, ಗೇರ್ ಕೇಳುತ್ತದೆ. ಅದೊಂದು ಸ್ವಿಚ್. ಮನೆಯ ಕರೆಗಂಟೆ ಒತ್ತಿದಂತೆ. ಒಳಗಿರುವವರು ಎಷ್ಟು ಹೊತ್ತಿಗೆ ಬಂದು ಬಾಗಿಲು ತೆಗೆಯುತ್ತಾರೆ ಎನ್ನುವುದು ಗಂಟೆಯ ಅಂದಚಂದದ ಮೇಲೆ ನಿಂತಿಲ್ಲ.

ಬೆರಳು ಎಳೆದೊಡನೆ ಸುದ್ದಿ ಗೇರ್‌ಬಾಕ್ಸಿನ ಕಂಪ್ಯೂಟರ್‌ಗೆ ಹೋಗುತ್ತದೆ. ಕೇಳಿದ ಗೇರ್ ಕೊಟ್ಟರೆ ಎಂಜಿನ್ ಮಿತಿಮೀರಿ ಸುತ್ತುತ್ತದೆಯೇ, ಇಲ್ಲವೇ ಉಸಿರುಗಟ್ಟಿ ನಿಲ್ಲುತ್ತದೆಯೇ ಎಂದು ಅದು ನೋಡುತ್ತದೆ. ಸರಿ ಎನಿಸಿದರೆ ಎಂಜಿನ್ನಿನ ಕಂಪ್ಯೂಟರ್‌ಗೆ ಶಕ್ತಿ ತುಸು ತಗ್ಗಿಸಲು ಹೇಳುತ್ತದೆ. ಕ್ಲಚ್ ಬಿಡುತ್ತದೆ, ಗೇರ್ ಸರಿಯುತ್ತದೆ, ಕ್ಲಚ್ ಹಿಡಿಯುತ್ತದೆ, ಶಕ್ತಿ ಮರಳುತ್ತದೆ. ಕಂಪನಿಗಳು ಸಾಮಾನ್ಯವಾಗಿ ಹೊಗಳಿಕೊಳ್ಳುವ ಮಿಲಿಸೆಕೆಂಡುಗಳ ಲೆಕ್ಕ ಈ ಸರಪಳಿಯ ನಡುವಿನ ಒಂದು ತುಂಡಿನದು. 2002ರ ಫೆರಾರಿ ಎನ್ಜೊ 150 ಮಿಲಿಸೆಕೆಂಡಿನಲ್ಲಿ ಗೇರ್ ಬದಲಿಸುತ್ತಿತ್ತು. ಐದು ವರ್ಷದ ನಂತರ ಬಂದ 430 ಸ್ಕುಡೆರಿಯಾ 60 ಮಿಲಿಸೆಕೆಂಡಿಗೆ ಇಳಿಸಿತು. ಕಣ್ಣು ಮಿಟುಕಿಸಲೂ 100 ಮಿಲಿಸೆಕೆಂಡಿಗಿಂತ ಹೆಚ್ಚು ಬೇಕು. ಆದರೆ ಕಾರು ಓಡಿಸುವವನಿಗೆ ತಿಳಿಯುವುದು ಆ ತುಂಡಲ್ಲ. ಬೆರಳು ಎಳೆದ ಕ್ಷಣದಿಂದ ಬೆನ್ನಿಗೆ ಸೀಟು ತಾಗುವವರೆಗಿನ ಇಡೀ ಹೊತ್ತು ಅವನಿಗೆ ತಿಳಿಯುತ್ತದೆ. ಮೊದಲನೆಯದು ವೇಗ, ಎರಡನೆಯದು ಸ್ಪಂದನೆ.

ಗೇರ್ ಇಳಿಸುವಾಗ ಕಂಪ್ಯೂಟರ್ ಇನ್ನೊಂದು ಕೆಲಸ ಮಾಡುತ್ತದೆ. ಕೆಳಗಿನ ಗೇರ್‌ಗೆ ಬೇಕಾದಷ್ಟು ಎಂಜಿನ್ ಸುತ್ತನ್ನು ಮೊದಲೇ ಏರಿಸುತ್ತದೆ. ಮಾವನಿಗೆ ಇದನ್ನು ವಿವರಿಸಿದಾಗ ಅವರ ಮುಖ ಅರಳಿತು. “ಡಬಲ್ ಕ್ಲಚ್!” ಎಂದರು. ಅವರ ಮೊದಲ ಲಾರಿಯ ಗೇರ್‌ಬಾಕ್ಸಿನಲ್ಲಿ ಹಲ್ಲುಗಳ ವೇಗ ಸರಿಹೊಂದಿಸುವ ಸಿಂಕ್ರೊ ಇರಲಿಲ್ಲ. ಕ್ಲಚ್ ಒತ್ತಿ ನ್ಯೂಟ್ರಲ್‌ಗೆ ತಂದು, ಕ್ಲಚ್ ಬಿಟ್ಟು ಎಂಜಿನ್ ರೇಸ್ ಮಾಡಿ, ಮತ್ತೆ ಕ್ಲಚ್ ಒತ್ತಿ ಗೇರ್ ಹಾಕಬೇಕು. ಕಿವಿಯಲ್ಲಿ ಎಂಜಿನ್ ಸದ್ದು ಹಿಡಿದು ಕಲಿತ ವಿದ್ಯೆ ಅದು. ಗೇರ್‌ಬಾಕ್ಸ್ ಕಿರುಗುಟ್ಟಿದರೆ ಉಸ್ತಾದನ ಕೈಯಿಂದ ಏಟು ಬೀಳುತ್ತಿತ್ತಂತೆ. ಇಂದು ಎಡ ಪ್ಯಾಡಲ್ ಎಳೆದಾಗ ಎಂಜಿನ್ ಒಮ್ಮೆ ಗುರ್ರೆನ್ನುವುದು ಮಾವನ ಬಲಗಾಲು ಕಲಿತದ್ದೇ.

ನಾಲ್ಕು ಪೆಟ್ಟಿಗೆ, ನಾಲ್ಕು ಸ್ವಭಾವ

ಒಂದೇ ಬಗೆಯ ಪ್ಯಾಡಲ್ ನಾಲ್ಕು ಬಗೆಯ ಗೇರ್‌ಬಾಕ್ಸಿಗೆ ಕೂಡಿಕೊಂಡಿರುತ್ತದೆ. ಹೊರಗಿನಿಂದ ನೋಡಿದರೆ ವ್ಯತ್ಯಾಸ ತಿಳಿಯದು.

ಎಎಂಟಿಯಲ್ಲಿ ಇರುವುದು ಒಂದೇ ಕ್ಲಚ್. ಅದು ಬಿಟ್ಟ ಹೊತ್ತಿನಲ್ಲಿ ಚಕ್ರಕ್ಕೆ ಶಕ್ತಿ ಹೋಗುವುದಿಲ್ಲ. ತಲೆ ಮುಂದಕ್ಕೆ ವಾಲುವುದು ಆ ಖಾಲಿ ಹೊತ್ತಿನಲ್ಲಿ. ಅಗ್ಗದ ಕಾರಿನಲ್ಲಿ ನಯ ಬೇಕೆಂದು ಕ್ಲಚ್ಚನ್ನು ನಿಧಾನ ಹಿಡಿಸುತ್ತಾರೆ, ಹಾಗಾಗಿ ಖಾಲಿ ಹೊತ್ತು ಇನ್ನೂ ಉದ್ದ. ಗೇರ್ ಏರುವ ಹೊತ್ತಿಗೆ ಎಕ್ಸಲರೇಟರ್ ತುಸು ಸಡಿಲಿಸಿದರೆ ಜೋಲಿ ತಗ್ಗುತ್ತದೆ. ಮ್ಯಾನುವಲ್ ಓಡಿಸಿದವರ ಕಾಲಿಗೆ ಇದು ತಾನಾಗಿ ಬರುತ್ತದೆ.

ಎರಡನೆಯದು ಡ್ಯುಯಲ್ ಕ್ಲಚ್, ಅಂದರೆ ಡಿಸಿಟಿ. ಅಡಾಲ್ಫ್ ಕೆಗ್ರೆಸ್ ಎಂಬ ಫ್ರೆಂಚ್ ಎಂಜಿನಿಯರ್ 1939ರಷ್ಟು ಹಿಂದೆಯೇ ಇದನ್ನು ಯೋಚಿಸಿದ್ದರು. ಮಾರಾಟದ ಕಾರಿಗೆ ಇದು ಬಂದದ್ದು 2003ರಲ್ಲಿ, ಫೋಕ್ಸ್‌ವ್ಯಾಗನ್ ಗಾಲ್ಫ್ ಆರ್32 ಮೂಲಕ. ಒಂದು, ಮೂರು, ಐದು, ಏಳು ಒಂದು ಕ್ಲಚ್ಚಿಗೆ; ಎರಡು, ನಾಲ್ಕು, ಆರು ಇನ್ನೊಂದಕ್ಕೆ. ಮೂರರಲ್ಲಿ ಓಡುವಾಗಲೇ ನಾಲ್ಕು ಸಿದ್ಧವಾಗಿ ಕೂತಿರುತ್ತದೆ. ಒಂದು ಕ್ಲಚ್ ಬಿಡುತ್ತಿದ್ದಂತೆ ಇನ್ನೊಂದು ಹಿಡಿಯುತ್ತದೆ, ಶಕ್ತಿ ಕಡಿಯುವುದೇ ಇಲ್ಲ. ವೇಗದಲ್ಲಿ ಇದನ್ನು ಮೀರಿಸುವುದು ಕಷ್ಟ, ಆದರೆ ಆ ವೇಗ ಊಹೆಯ ಮೇಲೆ ನಿಂತಿದೆ. ಮೇಲಿನ ಗೇರ್ ಬೇಕಾದೀತೆಂದು ಕಂಪ್ಯೂಟರ್ ಅದನ್ನು ಸಿದ್ಧಮಾಡಿಟ್ಟಾಗ ನೀವು ಕೆಳಗಿನದನ್ನು ಕೇಳಿದರೆ ಕಾಯಬೇಕು. ನಾಲ್ಕರಿಂದ ಎರಡಕ್ಕೆ ನೇರ ಇಳಿಯಬೇಕೆಂದರೂ ತಡ, ಏಕೆಂದರೆ ಎರಡೂ ಒಂದೇ ಕ್ಲಚ್ಚಿನ ಮಕ್ಕಳು. ಕ್ಲಚ್ ಒಣಗಿನದಾದರೆ ತೆವಳುವ ದಟ್ಟಣೆಯಲ್ಲಿ ಬಿಸಿಯೇರುವ ಭಯವೂ ಇದೆ. ಅದಕ್ಕೇ ಟಾಟಾ 2022ರಲ್ಲಿ ಆಲ್ಟ್ರೋಜ್‌ಗೆ ಡಿಸಿಟಿ ತಂದಾಗ ಎಣ್ಣೆಯಲ್ಲಿ ತೊಯ್ದು ತಣಿಯುವ ಕ್ಲಚ್ ಇಟ್ಟಿತು.

ಮೂರನೆಯದು ಟಾರ್ಕ್ ಕನ್ವರ್ಟರ್, ಎಲ್ಲಕ್ಕಿಂತ ಹಳೆಯ ಮನೆತನ. ಎಣ್ಣೆ ತುಂಬಿದ ಡಬ್ಬಿಯೊಳಗೆ ಎದುರುಬದುರು ಎರಡು ಫ್ಯಾನ್. ಒಂದು ಸುತ್ತಿ ಎಣ್ಣೆಯನ್ನು ತಳ್ಳಿದರೆ ಇನ್ನೊಂದು ಸುತ್ತುತ್ತದೆ. ನಡುವೆ ಉಜ್ಜಿಕೊಳ್ಳುವ ಕ್ಲಚ್ ಇಲ್ಲದ್ದರಿಂದ ನಿಂತಲ್ಲಿಂದ ಹೊರಡುವುದು ಬೆಣ್ಣೆಯಂತೆ. ಹಿಂದೆ ಇದನ್ನು ಸೋಮಾರಿ ಎನ್ನುತ್ತಿದ್ದರು. ಜರ್ಮನಿಯ ಜೆಡ್‌ಎಫ್ ಕಂಪನಿಯ ಎಂಟು ಗೇರ್‌ಗಳ ಪೆಟ್ಟಿಗೆ ಸುಮಾರು 200 ಮಿಲಿಸೆಕೆಂಡಿನಲ್ಲಿ ಗೇರ್ ಬದಲಿಸಿ ಆ ಹಳೆಯ ದೂರನ್ನು ಅಳಿಸಿತು. ನಮ್ಮಲ್ಲಿ 2022ರ ಬ್ರೆಜಾ ಆರು ಗೇರ್‌ಗಳ ಟಾರ್ಕ್ ಕನ್ವರ್ಟರ್ ಜೊತೆಗೆ ಪ್ಯಾಡಲ್ ತಂದಿತು.

ಕೊನೆಯದು ಸಿವಿಟಿ. ಇದರಲ್ಲಿ ಗೇರೇ ಇಲ್ಲ. ಅಗಲ ಬದಲಾಗುವ ಎರಡು ರಾಟೆ, ನಡುವೆ ಒಂದು ಬೆಲ್ಟ್. 1958ರಲ್ಲಿ ಹಾಲೆಂಡಿನ ಡಾಫ್ ಕಂಪನಿ ಸಣ್ಣ ಕಾರಿಗೆ ಇದನ್ನು ಕೂರಿಸಿತು. ಹೊಂಡಾ ಸಿಟಿ, ಅಮೇಜ್‌ನಂಥ ಕಾರುಗಳ ಸಿವಿಟಿಯಲ್ಲೂ ಪ್ಯಾಡಲ್ ಉಂಟು. ಎಳೆದಾಗ ರಾಟೆಗಳು ಮೊದಲೇ ಗೊತ್ತುಮಾಡಿದ ಒಂದು ಅಳತೆಗೆ ಬಂದು ನಿಲ್ಲುತ್ತವೆ. ನಮಗೆ ಗೇರ್ ಬಿದ್ದಂತೆ ಅನಿಸುತ್ತದೆ. ನಯಕ್ಕೆ ಇದಕ್ಕೆ ಎಣೆಯಿಲ್ಲ. ಒಮ್ಮೆಲೇ ಜಗ್ಗು ಎಂದರೆ ಮಾತ್ರ ಮೊದಲು ಸದ್ದು ಏರುತ್ತದೆ, ಎಳೆತ ಹಿಂದಿನಿಂದ ಬರುತ್ತದೆ.

ಗೇರ್‌ಬಾಕ್ಸಿಗೆ ಕಣ್ಣಿಲ್ಲ

ಜಹೀರಾಬಾದಿನಲ್ಲಿ ಹೆದ್ದಾರಿ ಬಿಟ್ಟು ಬೀದರ್ ಕಡೆ ಹೊರಳಿದರೆ ರಸ್ತೆ ನಿಧಾನಕ್ಕೆ ಏರುತ್ತ ಹೋಗುತ್ತದೆ. ಕಬ್ಬಿನ ಕಾಲದಲ್ಲಿ ಈ ಸೀಮೆಯ ದಾರಿಗಳ ತುಂಬ ಹೊರೆ ಹೊತ್ತ ಟ್ರ್ಯಾಕ್ಟರ್, ಲಾರಿ. ಗಂಟೆಗೆ 50 ಕಿಲೋಮೀಟರಿನಲ್ಲಿ ಹೋಗುವ ಲಾರಿಯನ್ನು ಹಿಂದೆ ಹಾಕಬೇಕು, ಎದುರಿನಿಂದ 60ರಲ್ಲಿ ಬಸ್ಸು ಬರುತ್ತಿದೆ ಎಂದುಕೊಳ್ಳಿ. ಎರಡೂ ವೇಗ ಕೂಡಿದರೆ 110. ಒಂದೊಂದು ಸೆಕೆಂಡಿಗೆ ನಡುವಿನ ಅಂತರ 30 ಮೀಟರ್ ಕರಗುತ್ತದೆ. 60 ಮಿಲಿಸೆಕೆಂಡಿನ ಗೇರ್‌ಬಾಕ್ಸಿಗೂ 200 ಮಿಲಿಸೆಕೆಂಡಿನದಕ್ಕೂ ಇಲ್ಲಿ ಇರುವ ವ್ಯತ್ಯಾಸ ನಾಲ್ಕು ಮೀಟರ್, ಒಂದು ಕಾರಿನ ಉದ್ದ. ಆದರೆ ಎಕ್ಸಲರೇಟರ್ ಪೂರ್ತಿ ಒತ್ತಿದ ಮೇಲೆ ಗೇರ್‌ಬಾಕ್ಸ್ ಎರಡು ಗೇರ್ ಇಳಿಸಿ, ಟರ್ಬೊ ಗಾಳಿ ತುಂಬಿಕೊಂಡು, ಕಾರು ನಿಜಕ್ಕೂ ಜಗ್ಗಲು ಒಂದು ಸೆಕೆಂಡ್ ಹಿಡಿದರೆ ಕರಗಿದ್ದು ಪೂರಾ 30 ಮೀಟರ್. ಕಂಪನಿಯ ಪುಸ್ತಿಕೆಯಲ್ಲಿ ಈ ಸೆಕೆಂಡಿನ ಲೆಕ್ಕ ಇರುವುದಿಲ್ಲ.

ಈ ಸೆಕೆಂಡನ್ನು ಉಳಿಸುವುದಕ್ಕೇ ಪ್ಯಾಡಲ್ ಇರುವುದು. ಲಾರಿಯ ಹಿಂದೆ ಇರುವಾಗಲೇ, ಎದುರಿನ ರಸ್ತೆ ಖಾಲಿಯಾಗುವುದಕ್ಕೆ ಮೊದಲೇ, ಎಡ ಪ್ಯಾಡಲ್ ಒಮ್ಮೆಯೋ ಎರಡು ಸಲವೋ ಎಳೆದು ಗೇರ್ ಇಳಿಸಿಟ್ಟುಕೊಂಡರೆ ಎಂಜಿನ್ ಜೀವ ಹಿಡಿದು ಕಾದಿರುತ್ತದೆ. ದಾರಿ ಸಿಕ್ಕೊಡನೆ ಕಾಲು ಒತ್ತಿದರೆ ಕಾರು ಹೊರಡುತ್ತದೆ. ಕಂಪ್ಯೂಟರ್‌ಗೆ ತಿಳಿಯುವುದು ಚಕ್ರದ ವೇಗ, ಎಕ್ಸಲರೇಟರಿನ ಒತ್ತು, ರಸ್ತೆಯ ಏರಿಳಿತ. ಅಂದರೆ ಈಗಾಗಲೇ ಆಗಿದ್ದು ಮತ್ತು ಆಗುತ್ತಿರುವುದು. ಮುಂದಿನ ತಿರುವು, ಎದುರಿನ ಬಸ್ಸು, ಲಾರಿಯವನು ಬಲಗೈ ಬೀಸಿ ಕೊಟ್ಟ ಸನ್ನೆ ಅದಕ್ಕೆ ಕಾಣುವುದಿಲ್ಲ. ಅವು ಚಾಲಕನಿಗೆ ಕಾಣುತ್ತವೆ. ಕಣ್ಣು ಕಂಡದ್ದನ್ನು ಗೇರ್‌ಬಾಕ್ಸಿಗೆ ಮುಂಚಿತವಾಗಿ ಹೇಳುವ ದಾರಿ ಪ್ಯಾಡಲ್. ಶಿರಾಡಿ, ಚಾರ್ಮಾಡಿ ಘಾಟಿ ಇಳಿಯುವಾಗಲೂ ಹಾಗೆಯೇ. ತಿರುವಿಗೆ ಮೊದಲೇ ಗೇರ್ ಇಳಿಸಿದರೆ ಎಂಜಿನ್ನೇ ಕಾರನ್ನು ಹಿಡಿದಿಡುತ್ತದೆ, ಬ್ರೇಕ್ ಕಾಯುವುದಿಲ್ಲ. ಇದಕ್ಕೆ 60 ಮಿಲಿಸೆಕೆಂಡಿನ ಪೆಟ್ಟಿಗೆ ಬೇಕಿಲ್ಲ. ಅರ್ಧ ಸೆಕೆಂಡು ಮುಂಚೆ ಯೋಚಿಸುವ ಚಾಲಕ ಸಾಕು.

ಹುಸೇನ್ ಸಾಗರದ ದಡದಲ್ಲಿ

ಬೇಗಂ ಬಜಾರ್‌ನಿಂದ ನಾಲ್ಕೈದು ಕಿಲೋಮೀಟರ್ ದೂರದ ಹುಸೇನ್ ಸಾಗರದ ದಡದಲ್ಲಿ 2023ರ ಫೆಬ್ರುವರಿ 11ರಂದು ಭಾರತದ ಮೊದಲ ಫಾರ್ಮುಲಾ ಇ ರೇಸ್ ನಡೆಯಿತು. ಊರಿನ ರಸ್ತೆಗಳನ್ನೇ ಸುಮಾರು 2.8 ಕಿಲೋಮೀಟರಿನ ರೇಸ್ ದಾರಿ ಮಾಡಿದ್ದರು. ಆ ವಿದ್ಯುತ್ ಕಾರುಗಳ ಸ್ಟಿಯರಿಂಗ್ ಹಿಂದೆಯೂ ಪ್ಯಾಡಲ್ ಇತ್ತು, ಗೇರ್ ಮಾತ್ರ ಇರಲಿಲ್ಲ. 2014ರಲ್ಲಿ ಈ ಸರಣಿ ಶುರುವಾದಾಗ ಕಾರುಗಳಲ್ಲಿ ಐದು ಗೇರ್ ಇದ್ದವು. ನಿಂತಲ್ಲಿಂದಲೇ ಪೂರ್ತಿ ಎಳೆತ ಕೊಡುವ ಮೋಟರಿಗೆ ಅಷ್ಟು ಗೇರ್ ಬೇಡವೆಂದು ತಂಡಗಳು ಕಳಚುತ್ತ ಬಂದು ಒಂದರಲ್ಲಿ ನಿಂತವು. ಕೆಲಸ ಹೋದ ಪ್ಯಾಡಲ್‌ಗೆ ಬೇರೆ ಕೆಲಸ ಸಿಕ್ಕಿತು. ಅದನ್ನು ಎಳೆದರೆ ಮೋಟರು ಜನರೇಟರ್ ಆಗಿ ಕಾರನ್ನು ತಡೆಯುತ್ತದೆ, ತಡೆದ ಶಕ್ತಿಯನ್ನು ಬ್ಯಾಟರಿಗೆ ಮರಳಿಸುತ್ತದೆ. ಆ ಸಂಜೆ ಜಾನ್-ಎರಿಕ್ ವೆರ್ನ್ ಬೆನ್ನಿಗೆ ಬಿದ್ದ ನಿಕ್ ಕ್ಯಾಸಿಡಿಗಿಂತ ಕಡಿಮೆ ಬ್ಯಾಟರಿ ಉಳಿಸಿಕೊಂಡೂ ಮುಂದಿನ ಸ್ಥಾನ ಬಿಡದೆ ಗೆದ್ದರು. ಎಲ್ಲಿ ಕಾಲು ತೆಗೆಯಬೇಕು, ಎಲ್ಲಿ ಶಕ್ತಿ ಕೂಡಿಸಬೇಕು ಎಂದು ಮುಂದಿನ ತಿರುವನ್ನು ಓದಿದವರ ಗೆಲುವು ಅದು.

ಆ ದಿನ ಮನೆಯ ತಂಡವಾಗಿ ಓಡಿದ್ದು ಮಹೀಂದ್ರ. 2010ರಲ್ಲಿ ಆ ಕಂಪನಿ ಕೊಂಡದ್ದು ನಮ್ಮ ಬೆಂಗಳೂರಿನ ರೇವಾವನ್ನು. 2001ರಲ್ಲಿ ಚೇತನ್ ಮೈನಿ ಮಾರುಕಟ್ಟೆಗೆ ತಂದ ಆ ಪುಟ್ಟ ವಿದ್ಯುತ್ ಕಾರಿನಲ್ಲೂ ಕ್ಲಚ್ ಇರಲಿಲ್ಲ, ಗೇರ್ ಬದಲಿಸುವ ಮಾತಿರಲಿಲ್ಲ. ಈಗ 2023ರ ನೆಕ್ಸಾನ್ ಇವಿಯಂಥ ಕಾರುಗಳಲ್ಲಿ ಪ್ಯಾಡಲ್ ಮರಳಿ ಬಂದಿದೆ, ಹುಸೇನ್ ಸಾಗರದ ದಡದಲ್ಲಿ ಮಾಡಿದ ಕೆಲಸಕ್ಕೇ: ಕಾಲು ತೆಗೆದಾಗ ಕಾರು ಎಷ್ಟು ತಡೆದುಕೊಳ್ಳಬೇಕು ಎಂದು ಹೇಳಲು. ಗೇರ್ ಹೋದರೂ ಚಾಲಕನ ಕಣ್ಣಿಗೂ ಬಂಡಿಗೂ ನಡುವೆ ಒಂದು ಮಾತಿನ ದಾರಿ ಬೇಕೇ ಬೇಕು ಎಂಬುದಕ್ಕೆ ಇದು ಸಾಕ್ಷಿ.

ಮತ್ತೆ ಓಣಿಗೆ

ಆಟೊಮ್ಯಾಟಿಕ್ ಕಾರು ಕೊಳ್ಳಬೇಕೆಂದಿರುವವರು ಟೆಸ್ಟ್ ಡ್ರೈವ್‌ಗೆ ಖಾಲಿ ರಿಂಗ್ ರೋಡ್ ಒಂದನ್ನೇ ನೋಡಿ ಬರಬೇಡಿ. ನಿಮ್ಮೂರಿನ ಸಂತೆ ರಸ್ತೆಗೂ ಒಯ್ಯಿರಿ. ಬ್ರೇಕ್ ಬಿಟ್ಟ ಮೇಲೆ ಕಾರು ಎಷ್ಟು ಮೆಲ್ಲಗೆ ಸರಿಯುತ್ತದೆ ನೋಡಿ. ಏರಿನಲ್ಲಿ ನಿಲ್ಲಿಸಿ ಹೊರಡಿಸಿ. ಮೂವತ್ತರಲ್ಲಿ ಹೋಗುವಾಗ ಪೂರ್ತಿ ಕಾಲೊತ್ತಿ ಎಳೆತ ಬರುವವರೆಗೆ ಮನಸ್ಸಿನಲ್ಲೇ ಎಣಿಸಿ. ಪ್ಯಾಡಲ್ ಎಳೆದು ಬಿಟ್ಟರೆ ಕೆಲವು ಸೆಕೆಂಡಿನ ನಂತರ ಕಾರು ತಾನೇ ಡ್ರೈವ್‌ಗೆ ಮರಳುತ್ತದೆಯೇ, ಮ್ಯಾನುವಲ್‌ನಲ್ಲಿ ಇಟ್ಟರೆ ನೀವು ಹೇಳಿದ ಗೇರ್ ಹಿಡಿದೇ ಇರುತ್ತದೆಯೇ ಎಂದು ಕೇಳಿ ತಿಳಿಯಿರಿ. ಮನೆಯ ಹಿರಿಯರೊಬ್ಬರನ್ನು ಹಿಂದಿನ ಸೀಟಿನಲ್ಲಿ ಕೂರಿಸಿಕೊಳ್ಳಿ.

ನಾನು ಆ ದಿನ ಇದನ್ನು ಓಣಿಯ ನಡುವೆ ಕಲಿತೆ. ಕಾರು ಮುಗ್ಗರಿಸುತ್ತಿದ್ದದ್ದು ಒಂದು ಮತ್ತು ಎರಡನೇ ಗೇರ್‌ಗಳ ನಡುವೆ ಹತ್ತಿಳಿಯುತ್ತಿದ್ದುದರಿಂದ. ನಾಲ್ಕು ಮಾರು ದಾರಿ ಕಂಡರೆ ಅದು ಏರುತ್ತಿತ್ತು. ಐದನೇ ಮಾರಿಗೆ ತಳ್ಳುಗಾಡಿ ಇದೆಯೆಂದು ಅದಕ್ಕೆ ಗೊತ್ತಿರಲಿಲ್ಲ, ನನಗೆ ಗೊತ್ತಿತ್ತು. ಗೇರ್ ಹಿಡಿಕೆಯನ್ನು ಮ್ಯಾನುವಲ್‌ಗೆ ಸರಿಸಿ, ಎಡ ಪ್ಯಾಡಲ್ ಎಳೆದು ಒಂದರಲ್ಲೇ ಇಟ್ಟೆ. ಗೇಣು ಗೇಣಿಗೆ ನೂಕುವುದು ಬಿಟ್ಟು, ಒಂದು ಕಾರಿನಷ್ಟು ಜಾಗ ಆಗುವವರೆಗೆ ಬ್ರೇಕ್ ಮೇಲೆ ನಿಂತು, ಆಮೇಲೆ ಹೊರಟೆ. ಗೇರ್ ಬದಲಾಗಲೇ ಇಲ್ಲ, ಹಾಗಾಗಿ ಜೋಲಿಯೂ ಇಲ್ಲ. ರೇಸಿನಲ್ಲಿ ಕಣ್ಣು ಮಿಟುಕಿಸುವುದರೊಳಗೆ ಗೇರ್ ಬದಲಿಸಲು ಹುಟ್ಟಿದ ಪಟ್ಟಿ ಬೇಗಂ ಬಜಾರ್‌ನಲ್ಲಿ ಗೇರ್ ಬದಲಿಸಬೇಡ ಎಂದು ಹೇಳಲು ನೆರವಾಯಿತು.

ಪಾತ್ರೆ ಅಂಗಡಿ ಬಂತೆಂದು ಮಾವನ ಕಡೆ ತಿರುಗಿದೆ. ಅವರ ಕೈ ಡ್ಯಾಶ್‌ಬೋರ್ಡ್ ಬಿಟ್ಟು ಮಡಿಲಿಗೆ ಬಂದಿತ್ತು. ತಲೆ ಕಿಟಕಿಗೆ ಒರಗಿತ್ತು. ಸುತ್ತಲಿನ ಗದ್ದಲದ ನಡುವೆ ನಿದ್ದೆ ಹತ್ತಿತ್ತು.